ನಾಡು: ಹೆಬ್ಬಾಳದ ಕಲ್ಲಿನಿಂದ ನಾಡಕಚೇರಿಯವರೆಗೆ

ಜಾತಿ ಪ್ರಮಾಣಪತ್ರ ಬೇಕೇ? ನಾಡಕಚೇರಿಗೆ ಹೋಗಿ. ಆದಾಯ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ವೃದ್ಧಾಪ್ಯ ವೇತನದ ಅರ್ಜಿ? ಅದಕ್ಕೂ ನಾಡಕಚೇರಿಯೇ. ಈ ಕಚೇರಿ ಇರುವುದು ಹೋಬಳಿಗೊಂದು. ಅಲ್ಲಿ ಕೂರುವವರು ಉಪ ತಹಶೀಲ್ದಾರರು. ಅಂದರೆ ಇಲ್ಲಿ ‘ನಾಡು’ ಎಂದರೆ ಹತ್ತಿಪ್ಪತ್ತು, ಹೆಚ್ಚೆಂದರೆ ಕೆಲವು ಹತ್ತು ಹಳ್ಳಿಗಳ ಗುಂಪು. ಅದೇ ಸರ್ಕಾರ ಮೈಸೂರು ದಸರೆಯನ್ನು ನಾಡಹಬ್ಬ ಎನ್ನುತ್ತದೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ಯನ್ನು 2004ರಲ್ಲಿ ನಾಡಗೀತೆ ಎಂದು ಘೋಷಿಸಿತು. ಅಲ್ಲಿ ನಾಡು ಎಂದರೆ ಬೀದರಿನಿಂದ ಚಾಮರಾಜನಗರದವರೆಗೆ ಹರಡಿದ ಇಡೀ ರಾಜ್ಯ. ಒಂದು ಹೋಬಳಿಗೂ ಒಂದು ರಾಜ್ಯಕ್ಕೂ ಒಂದೇ ಪದ ಸಾಲುವುದು ಹೇಗೆ?

ಇದನ್ನು ತಿಳಿಯಲು ಉತ್ತರ ಬೆಂಗಳೂರಿಗಿಂತ ಒಳ್ಳೆಯ ಜಾಗ ಸಿಕ್ಕುವುದು ಕಷ್ಟ. ಈ ಪದ ಇಲ್ಲಿ ಕಲ್ಲಿನ ಮೇಲೆ ನಿಂತು ಹನ್ನೆರಡೂವರೆ ಶತಮಾನ ದಾಟಿದೆ. ಒಬ್ಬ ಪಾಳೆಯಗಾರನ ಹೆಸರಿನ ಹಿಂದೆ ಬಿರುದಾಗಿ ಕೂತಿದೆ. ಅಧಿಕಾರದ ಪಟ್ಟಿಯಿಂದ ಹೊರಬಿದ್ದು, ಮತ್ತೆ ಬೇರೆ ಬಾಗಿಲಿನಿಂದ ಒಳಗೆ ಬಂದಿದೆ.

ಮೊದಲು ಬೇರು. ನಾಡು ಅಪ್ಪಟ ದ್ರಾವಿಡ ಪದ. ತಮಿಳು, ಮಲಯಾಳಗಳಲ್ಲಿ ನಾಡು, ತುಳುವಿನಲ್ಲಿ ನಾಡ್, ಕೊಡವದಲ್ಲಿ ನಾಡ್, ತೆಲುಗಿನಲ್ಲೂ ನಾಡು. ಕಿಟ್ಟೆಲರ 1894ರ ನಿಘಂಟು ಇದಕ್ಕೆ ಉತ್ತು ಬಿತ್ತಿದ, ಜನ ನೆಲೆಸಿದ ಭೂಮಿ ಎಂಬ ಅರ್ಥ ಕೊಡುತ್ತದೆ. ಎದುರಿಗೆ ನಿಲ್ಲುವ ಪದ ಕಾಡು. ‘ಕಾಡು ಕಡಿದು ನಾಡು ಮಾಡಿದರು’ ಎಂದು ಇವತ್ತೂ ಹೇಳುವಾಗ ನಮ್ಮ ನಾಲಗೆಯ ಮೇಲಿರುವುದು ಈ ಹಳೆಯ ಅರ್ಥವೇ. ಕೊಡಲಿ ಬಿದ್ದು, ಕೆರೆ ಕಟ್ಟಿ, ನೇಗಿಲು ಹೂಡಿ, ಒಕ್ಕಲು ಕೂತ ಜಾಗ ನಾಡು. ಹಾಗಾಗಿ ಈ ಪದಕ್ಕೆ ಮೊದಲು ಅಳತೆ ಇರಲಿಲ್ಲ, ಗುಣ ಇತ್ತು. ಎಷ್ಟು ನೆಲ ಎಂಬ ಲೆಕ್ಕ ಬಂದದ್ದು ಆಮೇಲೆ.

ಆ ಲೆಕ್ಕವನ್ನು ಹತ್ತಿರದಿಂದ ನೋಡಬೇಕಾದರೆ ಹೆಬ್ಬಾಳಕ್ಕೆ ಬರಬೇಕು. ಮೇಲ್ಸೇತುವೆಯ ಹೆಬ್ಬಾಳವಲ್ಲ, ಅದರ ಪಕ್ಕದ ಹಳೆಯ ಊರು. ಅಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲೊಂದಿದೆ. ಕಾಲ ಕ್ರಿ.ಶ. ಸುಮಾರು 750, ಗಂಗರ ಶ್ರೀಪುರುಷನ ಆಳ್ವಿಕೆ. ರಟ್ಟರು, ಎಂದರೆ ರಾಷ್ಟ್ರಕೂಟರು, ಏರಿ ಬಂದಾಗ ಕಾದಾಡಿ ಸತ್ತ ಕಿತ್ತಯ್ಯ ಎಂಬವನ ನೆನಪಿಗೆ ನೆಟ್ಟ ಕಲ್ಲು ಅದು. ಅದರ ಹಳಗನ್ನಡ ಬರಹದಲ್ಲಿ ಬರುವ ಪ್ರದೇಶದ ಹೆಸರು ಪೆರ್ಬೊಳಲ್ ನಾಡು ಮೂವತ್ತು. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಹಿರಿಯ ಪಟ್ಟಣ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪೆರ್ಬೊಳಲಿನ ಪಕಾರವೂ ಹಕಾರವಾಗಿ, ಬಾಯಿಂದ ಬಾಯಿಗೆ ಸವೆದು ಹೆಬ್ಬಾಳವಾಯಿತು. ಹೆಬ್ಬಾಳ ಈಗ ಬೆಂಗಳೂರಿನ ಒಂದು ಭಾಗ. ಆದರೆ ಆ ಕಲ್ಲಿನ ಕಾಲಕ್ಕೆ ಅದೇ ಒಂದು ನಾಡಿನ ತಲೆಯೂರು.

ಹೆಸರಿನ ಕೊನೆಯ ಮೂವತ್ತು ಏನು? ಶಾಸನಗಳಲ್ಲಿ ನಾಡುಗಳ ಮುಂದೆ ಇಂಥ ಸಂಖ್ಯೆ ಬರುವುದು ಸಾಮಾನ್ಯ. ಗಂಗವಾಡಿ 96,000, ಬನವಾಸಿ 12,000 ಎಂಬ ದೊಡ್ಡ ಸಂಖ್ಯೆಗಳು ಹಳ್ಳಿಗಳ ಲೆಕ್ಕವೋ, ಆದಾಯದ ಲೆಕ್ಕವೋ, ಬರಿಯ ಹೆಗ್ಗಳಿಕೆಯೋ ಎಂದು ವಿದ್ವಾಂಸರು ಜಗಳವಾಡಿದ್ದಾರೆ. ಚಿಕ್ಕ ಸಂಖ್ಯೆಗಳ ಬಗ್ಗೆ ಅಷ್ಟು ಜಗಳವಿಲ್ಲ. ದಕ್ಷಿಣ ಬೆಂಗಳೂರಿನ ಬೇಗೂರಿನ ಪ್ರಸಿದ್ಧ ವೀರಗಲ್ಲಿನ ಶಾಸನ ‘ಬೆಂಪೂರು ಹನ್ನೆರಡು’ ಎಂದು ಹೇಳಿ ಹನ್ನೆರಡು ಊರುಗಳ ಹೆಸರನ್ನೂ ಬರೆಯುತ್ತದೆ. ಎಣಿಸಿದರೆ ಸರಿಹೋಗುತ್ತದೆ. ಹಾಗೆ ನೋಡಿದರೆ ಪೆರ್ಬೊಳಲ್ ನಾಡು ಮೂವತ್ತು ಊರುಗಳ ನಾಡು. ಇವತ್ತಿನ ಒಂದು ಹೋಬಳಿಯ ಗಾತ್ರಕ್ಕೆ ಇದು ಬಹಳ ಹತ್ತಿರ. ಹೋಬಳಿಯ ಕಚೇರಿಗೆ ನಾಡಕಚೇರಿ ಎಂದು ಹೆಸರಿಟ್ಟವರು ಶಾಸನ ಓದಿಕೊಂಡೇ ಇಟ್ಟರೋ, ಕನ್ನಡದ ಕಿವಿಯಿಂದ ಇಟ್ಟರೋ, ಇಟ್ಟ ಹೆಸರು ಮಾತ್ರ ಲೆಕ್ಕಕ್ಕೆ ಸರಿಯಾಗಿದೆ.

ಶಾಸನಗಳ ನಾಡಿಗೆ ಇನ್ನೊಂದು ಅರ್ಥವೂ ಇತ್ತು. ಅದು ಈಗ ಬಹುಮಟ್ಟಿಗೆ ಮರೆತುಹೋಗಿದೆ. ನಾಡು ಎಂದರೆ ಆ ನೆಲದ ಜನ, ಆ ಜನರ ಕೂಟ. ಹಳೆಯ ಶಾಸನಗಳಲ್ಲಿ ನಾಡು ನೆರೆಯುತ್ತದೆ, ದಾನ ಕೊಡುತ್ತದೆ, ತೆರಿಗೆ ಬಿಟ್ಟುಕೊಡುತ್ತದೆ, ಸಾಕ್ಷಿ ನಿಲ್ಲುತ್ತದೆ. ತಮಿಳು ಶಾಸನಗಳಲ್ಲಿ ಇವರು ನಾಟ್ಟಾರ್, ಕನ್ನಡದಲ್ಲಿ ನಾಡವರು. ‘ಊರೇ ಹಾಗೆ ಹೇಳಿತು’ ಎಂದು ನಾವು ಇಂದಿಗೂ ಅನ್ನುವಾಗ ಊರು ಹೇಗೆ ಮಾತಾಡುತ್ತದೋ, ಅಂದು ನಾಡೂ ಹಾಗೆಯೇ ಮಾತಾಡುತ್ತಿತ್ತು. ಊರಿಗೆ ಊರ ಗಾವುಂಡನಿದ್ದಂತೆ ನಾಡಿಗೆ ನಾಳ್ಗಾವುಂಡನಿದ್ದ. ಗಾಮುಂಡ, ಗಾವುಂಡ, ಗೌಡ ಎಂದು ಸವೆದು ಬಂದ ಪದ ಅದು. ಲೆಕ್ಕ ಬರೆಯುವವನು ನಾಡ ಸೇನಬೋವ. ಶಾನುಭೋಗ ಆ ಸೇನಬೋವನ ಸಂತತಿ. ಈ ಹುದ್ದೆಗಳು ಹೋದವು, ಹೆಸರುಗಳು ಮನೆತನಗಳಲ್ಲಿ ಉಳಿದವು. ನಾಡಗೌಡ, ನಾಡಿಗ, ನಾಡಕರ್ಣಿ ಎಂಬ ಅಡ್ಡಹೆಸರುಗಳು ಒಂದು ಕಾಲದ ಸಿಬ್ಬಂದಿ ಪಟ್ಟಿ.

ಈಗ ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದು ಯಲಹಂಕಕ್ಕೆ ಬರೋಣ. ಚೋಳರು ಈ ಸೀಮೆಯನ್ನು ಆಳಿದಾಗ ಅವರ ತಮಿಳು ಶಾಸನಗಳಲ್ಲಿ ಇದು ಇಳೈಪ್ಪಾಕ್ಕ ನಾಡು. ಇದೇ ಹೆಸರು ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ಶಾಸನಗಳಲ್ಲೂ ಬರುತ್ತದೆ. ಅಂದರೆ ಈಗಿನ ನಗರದ ಪೂರ್ವ ಭಾಗವೂ ಆಗ ಯಲಹಂಕದ ನಾಡಿನೊಳಗೇ ಇತ್ತು. ಬೆಂಗಳೂರಿನೊಳಗೆ ಯಲಹಂಕ ಎಂಬುದು ಇವತ್ತಿನ ಮಾತು. ಅಂದು ಯಲಹಂಕದೊಳಗೆ ದೊಮ್ಮಲೂರು. ಹೊಯ್ಸಳರ ಕಾಲಕ್ಕೆ ಹೆಸರು ಮತ್ತೆ ಕನ್ನಡದ ಉಚ್ಚಾರಕ್ಕೆ ತಿರುಗಿ ಎಲವಂಕ, ಎಲಹಂಕ ಎಂದಾಯಿತು. ನಾಡಿನ ಹೆಸರು ಎರಡು ಭಾಷೆಗಳಲ್ಲಿ ಓಡಾಡಿತು. ಹೆಸರಿನ ಹಿಂದಿದ್ದ ‘ನಾಡು’ ಮಾತ್ರ ಎರಡಕ್ಕೂ ಸೊತ್ತಾದ್ದರಿಂದ ಅಲುಗಲಿಲ್ಲ. ದೊರೆ ಬದಲಾದರೂ, ಭಾಷೆ ಬದಲಾದರೂ ನಾಡು ಇದ್ದ ಹಾಗೇ ಇದ್ದದ್ದಕ್ಕೆ ಇದೂ ಒಂದು ಕಾರಣ.

ವಿಜಯನಗರದ ಕಾಲದಲ್ಲಿ ಈ ಪದಕ್ಕೆ ಪೈಪೋಟಿ ಶುರುವಾಯಿತು. ರಾಜ್ಯ, ಸೀಮೆ, ಸ್ಥಳ ಎಂಬ ಹೆಸರುಗಳು ಆಡಳಿತದಲ್ಲಿ ಹೆಚ್ಚು ಹೆಚ್ಚು ಕಾಣಿಸತೊಡಗಿದವು. ಆದರೆ ನಾಡು ಅಷ್ಟು ಸುಲಭವಾಗಿ ಜಾಗ ಬಿಡಲಿಲ್ಲ, ಆಳುವವರ ಬಿರುದಿನಲ್ಲಿ ಗಟ್ಟಿಯಾಗಿ ಕೂತಿತು. ಆವತಿಯಿಂದ ಬಂದ ಮೊರಸು ಒಕ್ಕಲು ಗೌಡರ ಮನೆತನ ಯಲಹಂಕವನ್ನು ಹಿಡಿದಾಗ ಅವರ ಬಿರುದು ಯಲಹಂಕ ನಾಡಪ್ರಭು. ಕೆಂಪನಂಜೇಗೌಡರ ಮಗ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ, ಪೇಟೆ ಕಟ್ಟಿಸಿದ್ದು ಯಲಹಂಕ ನಾಡಿನ ಪ್ರಭುವಾಗಿ. ನಾಡಪ್ರಭು ಎಂಬಲ್ಲಿನ ‘ನಾಡ’ ಅಂದರೆ ಕರ್ನಾಟಕ ಎಂದು ಈಗ ಅನೇಕರು ತಿಳಿದಿದ್ದಾರೆ. ಬಿರುದು ಹುಟ್ಟಿದಾಗ ಅದರ ಗಡಿ ಅಷ್ಟು ದೊಡ್ಡದಿರಲಿಲ್ಲ. ವಿಜಯನಗರದ ಅರಸರಿಗೆ ಸಲ್ಲುವ ಒಬ್ಬ ನಾಡ ಒಡೆಯ, ತನ್ನ ನಾಡಿನೊಳಗೆ ಒಂದು ಹೊಸ ಊರು ಕಟ್ಟಿದ. ಇದರಿಂದ ಕೆಂಪೇಗೌಡರ ಹಿರಿಮೆ ಕುಗ್ಗುವುದಿಲ್ಲ. ಕೈಯಲ್ಲಿದ್ದದ್ದು ಇಷ್ಟೇ ನೆಲವಾದರೂ ಅದರಲ್ಲಿ ಎದ್ದ ಊರು ಎಷ್ಟು ಬೆಳೆಯಿತು ಎಂಬುದರಲ್ಲೇ ಆ ಹಿರಿಮೆ ಇದೆ.

1638ರಲ್ಲಿ ಬೆಂಗಳೂರು ಬಿಜಾಪುರದ ಕೈ ಸೇರಿತು. ಕೆಂಪೇಗೌಡರ ವಂಶ ಮಾಗಡಿಗೆ ಸರಿಯಿತು. ಆಮೇಲೆ ಮೈಸೂರು ಒಡೆಯರು, ಹೈದರ್, ಟಿಪ್ಪು, 1799ರ ನಂತರ ಪೂರ್ಣಯ್ಯ, 1831ರಿಂದ ಬ್ರಿಟಿಷ್ ಕಮಿಷನರುಗಳು. ಕಂದಾಯದ ಭಾಷೆಯಲ್ಲಿ ಅರಬ್ಬಿ, ಪಾರಸಿ ಮೂಲದ ಪದಗಳು ತುಂಬಿಕೊಂಡವು. ಜಿಲ್ಲೆ, ತಾಲ್ಲೂಕು, ಕಸಬಾ, ಅಮಲ್ದಾರ, ಶೇಕದಾರ ಎಲ್ಲ ಹೀಗೆ ಬಂದವು. ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕಿಗೆ ಅಮಲ್ದಾರ, ಅದರ ಕೆಳಗೆ ಹೋಬಳಿಗೆ ಶೇಕದಾರ ಎಂಬ ಏರ್ಪಾಡು ನೆಲೆಯಾಯಿತು. ನಾಡು ಇದ್ದ ಜಾಗದಲ್ಲಿ ಹೋಬಳಿ ಬಂದು ಕೂತಿತು. ನಾಡಿಗೆ ಅಧಿಕಾರಿ ಇಲ್ಲ, ಕಾಗದದಲ್ಲಿ ಜಾಗವಿಲ್ಲ, ಗಡಿಯೂ ಇಲ್ಲ ಎಂಬಂತಾಯಿತು.

ಹೋಬಳಿ ಎಷ್ಟು ಗಟ್ಟಿಯಾಗಿ ಕೂತಿತು ಎಂಬುದನ್ನು ನೋಡಲು ಉತ್ತರ ಬೆಂಗಳೂರಿನ ಯಾವುದೇ ನಿವೇಶನದ ಕ್ರಯಪತ್ರ ತೆಗೆಯಿರಿ. ಮನೆ ಇರುವುದು ಆರ್.ಟಿ. ನಗರದಲ್ಲಿ. ರವೀಂದ್ರನಾಥ ಟ್ಯಾಗೋರರ ಹೆಸರಿನ ಬಡಾವಣೆ, ಮುಖ್ಯರಸ್ತೆ, ಅಡ್ಡರಸ್ತೆ, ಪಿನ್ ಕೋಡ್ ಎಲ್ಲವೂ ನಗರದ್ದೇ. ಆದರೆ ಷೆಡ್ಯೂಲಿಗೆ ಬಂದಾಗ ಭಾಷೆ ತಟ್ಟನೆ ಹಳ್ಳಿಗೆ ಹೋಗುತ್ತದೆ: ಬೆಂಗಳೂರು ಉತ್ತರ ತಾಲ್ಲೂಕು, ಕಸಬಾ ಹೋಬಳಿ, ಮಠದಹಳ್ಳಿ ಗ್ರಾಮದ ಸರ್ವೆ ನಂಬರ್ ಇಷ್ಟರ ಪೈಕಿ. ಪೀಣ್ಯದ ಕಾರ್ಖಾನೆಯ ಕಾಗದದಲ್ಲಿ ಯಶವಂತಪುರ ಹೋಬಳಿ, ಅಳ್ಳಾಳಸಂದ್ರದ ಅಪಾರ್ಟ್‌ಮೆಂಟಿನ ಕಾಗದದಲ್ಲಿ ಯಲಹಂಕ ಹೋಬಳಿ. ಚೆಕ್ಕುಬಂದಿಯ ನಾಲ್ಕು ದಿಕ್ಕಿಗೂ ಈಗ ಕಾಂಕ್ರೀಟು ಎದ್ದಿದೆ, ಹೋಬಳಿ ಮಾತ್ರ ಹಾಗೇ ಇದೆ. ಒಂದು ಕಾಲಕ್ಕೆ ನಾಡನ್ನು ಬದಿಗೊತ್ತಿದ ಹೋಬಳಿಗೆ ಈಗ ನಗರದಲ್ಲಿ ಕಾಗದದ ಮೇಲಿನ ಬದುಕೇ ಹೆಚ್ಚು.

ಇಂಥದ್ದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಜಪಾನಿನಲ್ಲಿ ‘ಗುನ್’ ಎಂಬ ಗ್ರಾಮೀಣ ವಿಭಾಗವಿದೆ. ಸಾವಿರದ ಮುನ್ನೂರು ವರ್ಷಗಳ ಹಿಂದಿನ ವ್ಯವಸ್ಥೆ ಅದು. ಮೇಜಿ ಸರ್ಕಾರ 1888–89ರಲ್ಲಿ ಊರುಗಳನ್ನು ಒಗ್ಗೂಡಿಸಿದಾಗ ಎಪ್ಪತ್ತು ಸಾವಿರಕ್ಕೂ ಹೆಚ್ಚಿದ್ದ ಪಟ್ಟಣ, ಹಳ್ಳಿಗಳು ಹದಿನಾರು ಸಾವಿರದ ಒಳಗೆ ಬಂದವು. ಗುನ್‌ಗೆ ಆಗ ಸಭೆ, ಕಚೇರಿ ಎರಡೂ ಇದ್ದವು. 1920ರ ದಶಕದಲ್ಲಿ ಎರಡನ್ನೂ ರದ್ದು ಮಾಡಿದರು. ಈಗ ಗುನ್ ಉಳಿದಿರುವುದು ಮುಖ್ಯವಾಗಿ ವಿಳಾಸದಲ್ಲಿ. ಅದರೊಳಗಿನ ಪಟ್ಟಣವೊಂದು ನಗರ ಎನಿಸಿಕೊಂಡ ದಿನ ಗುನ್‌ನಿಂದ ಹೊರಗೆ ಹೋಗುತ್ತದೆ. ಹಾಗೆ ಒಂದೊಂದೇ ಊರು ಕಳಚಿಕೊಂಡು ಹೋಗಿ, ಒಳಗೆ ಒಂದೇ ಒಂದು ಪಟ್ಟಣ ಉಳಿದ ಗುನ್‌ಗಳೂ ಇವೆ. ಅಧಿಕಾರ ಹೋದರೂ ಹೆಸರು ವಿಳಾಸದಲ್ಲಿ ಬದುಕುವುದು ಅಲ್ಲಿಯೂ ಇಲ್ಲಿಯೂ ಒಂದೇ ರೀತಿ.

ಕನ್ನಡದ ನೆಲದಲ್ಲಿ ನಾಡು ಆಡಳಿತದ ಪದವಾಗಿ ಹೆಚ್ಚು ಕಾಲ ಉಳಿದದ್ದು ಕೊಡಗಿನಲ್ಲಿ. ಅಲ್ಲಿ ಹಾಲೇರಿ ಅರಸರ ಕಾಲದಲ್ಲೂ, 1834ರಲ್ಲಿ ಬ್ರಿಟಿಷರ ವಶವಾದ ಮೇಲೂ ತಾಲ್ಲೂಕಿನ ಕೆಳಗಿನ ಘಟಕ ನಾಡೇ. ಪಾರುಪತ್ಯಗಾರ ಅದರ ಅಧಿಕಾರಿ. ಬೇಂಗುನಾಡು, ಕಡಿಯತ್ತುನಾಡು, ಅಮ್ಮತ್ತಿನಾಡು ಎಂಬ ಹೆಸರುಗಳು ಕೊಡವರ ಬಾಯಲ್ಲಿ ಇನ್ನೂ ಹಸಿಯಾಗಿವೆ. ಹದಿನೆಂಟನೆಯ ಶತಮಾನದ ಕೊನೆಗೆ ದೊಡ್ಡವೀರರಾಜೇಂದ್ರ ಕಟ್ಟಿಸಿದ ಅರಮನೆಗೆ ನಾಲ್ಕುನಾಡು ಅರಮನೆ ಎಂದೇ ಹೆಸರು. ಊರಿಗೆ ಊರುತಕ್ಕ, ನಾಡಿಗೆ ನಾಡುತಕ್ಕ, ನಾಡು ಸೇರುವ ಮೈದಾನಕ್ಕೆ ನಾಡ್ ಮಂದ್. ನೆಲ, ಜನ, ಕೂಟ ಎಂಬ ಮೂರು ಅರ್ಥಗಳೂ ಅಲ್ಲಿ ಒಟ್ಟಿಗೆ ಉಳಿದಿವೆ.

ಬಯಲುಸೀಮೆಯಲ್ಲಿ ಗಡಿ ಕಳೆದುಕೊಂಡ ನಾಡು ಬೇರೆ ದಾರಿ ಹಿಡಿಯಿತು. ಗಡಿ ಇಲ್ಲದ್ದರಿಂದಲೇ ಅದು ದೊಡ್ಡದಾಗಲು ಸಾಧ್ಯವಾಯಿತು. ದೊಡ್ಡ ಅರ್ಥ ಹೊಸದೇನೂ ಅಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕಾವೇರಿ ಗೋದಾವರಿಗಳ ನಡುವಿನ ಕನ್ನಡದ ಹರವನ್ನು ಹೇಳುವಾಗಲೂ ಬಳಸುವುದು ನಾಡು ಎಂಬ ಪದವನ್ನೇ. ಪಂಪನನ್ನು ನಾಡೋಜ, ಎಂದರೆ ನಾಡಿಗೆ ಓಜ, ನಾಡಿನ ಗುರು ಎಂದು ಕರೆದರು. ಆ ಹೆಸರನ್ನೇ ಹಂಪಿಯ ಕನ್ನಡ ವಿಶ್ವವಿದ್ಯಾಲಯ ತನ್ನ ಗೌರವ ಪದವಿಗೆ ಇಟ್ಟುಕೊಂಡಿದೆ. ಇಪ್ಪತ್ತನೆಯ ಶತಮಾನದಲ್ಲಿ ಏಕೀಕರಣದ ಚಳವಳಿ ಈ ದೊಡ್ಡ ಅರ್ಥವನ್ನು ಮನೆಮನೆಗೆ ತಲುಪಿಸಿತು. ಮದ್ರಾಸ್ ರಾಜ್ಯ 1969ರಲ್ಲಿ ತಮಿಳುನಾಡು ಎಂದಾಯಿತು. ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕವಾಯಿತು. ನಮ್ಮ ರಾಜ್ಯದ ಹೆಸರಿನಲ್ಲಿ ನಾಡು ಎದ್ದು ಕಾಣದಿದ್ದರೂ ಕರುನಾಡು, ಕನ್ನಡನಾಡು ಎಂದು ನಾವು ಅದನ್ನು ಬಿಟ್ಟಿಲ್ಲ. ಒಳನಾಡು, ಹೊರನಾಡು, ಗಡಿನಾಡು ಎಂಬುವು ಈ ದೊಡ್ಡ ನಾಡಿನ ಗಡಿ ಗೊತ್ತಾದ ಮೇಲೆ ಹೊಸ ಅರ್ಥ ಪಡೆದ ಪದಗಳು. ಕಾಸರಗೋಡನ್ನು ಗಡಿನಾಡು ಎನ್ನುವಾಗ ಅದರಲ್ಲಿ 1956ರ ಗಾಯವೂ ಸೇರಿದೆ.

ಹೀಗೆ ಮೇಲಕ್ಕೆ ಏರಿದ ಪದ ಕೆಳಗೂ ಇಳಿದಿದೆ. ಮಂಗಳೂರು ಹೆಂಚು ಬಂದ ಮೇಲೆ ಕುಂಬಾರ ತಟ್ಟಿದ ಹೆಂಚು ನಾಡಹೆಂಚಾಯಿತು. ಯಂತ್ರದ ದೋಣಿ ಬಂದ ಮೇಲೆ ಕರಾವಳಿಯಲ್ಲಿ ಹುಟ್ಟು ಹಾಕುವ ದೋಣಿ ನಾಡದೋಣಿಯಾಯಿತು. ಪೊಲೀಸರ ಪ್ರಕಟಣೆಯಲ್ಲಿ ನಾಡಬಂದೂಕು, ನಾಡಪಿಸ್ತೂಲು. ಹಳಗನ್ನಡದಲ್ಲೇ ನಾಡಾಡಿ ಎಂದರೆ ಸಾಮಾನ್ಯ, ಎಲ್ಲರೂ ಬಲ್ಲ ಎಂಬ ಅರ್ಥವಿತ್ತು. ದೊಡ್ಡಬಳ್ಳಾಪುರ ರಸ್ತೆಯ ಮಿಲಿಟರಿ ಹೋಟೆಲುಗಳ ಬೋರ್ಡಿನ ‘ನಾಟಿ ಕೋಳಿ’ ಕೂಡ ಈ ಬಳಗದ್ದೇ. ತಮಿಳಿನಲ್ಲಿ ನಾಡು ಇನ್ನೊಂದು ಪದದ ಮುಂದೆ ಬಂದಾಗ ನಾಟ್ಟು ಆಗುತ್ತದೆ, ಅವರದು ನಾಟ್ಟುಕ್ಕೋಳಿ. ಗದ್ದೆಯಲ್ಲಿ ಪೈರು ನಾಟಿ ಹಾಕುವುದಕ್ಕೂ ಈ ನಾಟಿಗೂ ಉಚ್ಚಾರ ಒಂದೇ, ಅರ್ಥ ಬೇರೆ. ಫಾರಂ ಕೋಳಿ ಬರುವ ತನಕ ನಾಟಿ ಕೋಳಿಗೆ ಆ ಹೆಸರು ಬೇಕಿರಲಿಲ್ಲ, ಅದು ಬರಿಯ ಕೋಳಿ. ಹೊರಗಿನದು ಬಂದಾಗಲೇ ನಮ್ಮದಕ್ಕೆ ನಾಡಿನದು ಎಂಬ ಗುರುತು ಹುಟ್ಟಿತು. ಮೊದಮೊದಲು ಅದರಲ್ಲಿ ಸ್ವಲ್ಪ ತಾತ್ಸಾರವಿತ್ತು. ಈಗ ಅದೇ ಗುರುತಿಗೆ ಬೆಲೆ ಹೆಚ್ಚು. ಬೇಕಾದರೆ ಹೋಟೆಲಿನ ಬಿಲ್ಲು ನೋಡಿ.

ನಾಡಿನ ಜಾಗಕ್ಕೆ ಬಂದ ಹೊಸ ಹೆಸರುಗಳ ಕಥೆ ಮಾತ್ರ ಬೇಗ ಬೇಗ ಓಡುತ್ತದೆ. 1986ರಲ್ಲಿ ಬೆಂಗಳೂರು ಜಿಲ್ಲೆ ನಗರ, ಗ್ರಾಮಾಂತರ ಎಂದು ಎರಡಾಯಿತು. ಯಲಹಂಕ, ಬ್ಯಾಟರಾಯನಪುರಗಳು ತಮ್ಮ ತಮ್ಮ ನಗರಸಭೆ ಪಡೆದವು. 2007ರಲ್ಲಿ ಈ ಎರಡನ್ನೂ ಸೇರಿಸಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಹಳೆಯ ಮಹಾನಗರ ಪಾಲಿಕೆಯೊಂದಿಗೆ ಬೆರೆತು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ಯಲಹಂಕ ಆಮೇಲೆ ತಾಲ್ಲೂಕಾಗಿಯೂ ಹೊಸ ಹುಟ್ಟು ಪಡೆಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯನ್ನು ಐದು ಪಾಲಿಕೆಗಳಾಗಿ ಒಡೆದು ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನು ಕೂರಿಸಿದರು. ಹೆಬ್ಬಾಳ, ಯಲಹಂಕಗಳ ಪಾಲಿಗೆ ಬಂದದ್ದು ಬೆಂಗಳೂರು ಉತ್ತರ ನಗರ ಪಾಲಿಕೆ. ಅದೇ ವರ್ಷ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಜಿಲ್ಲೆ ಎಂದು ಕರೆಯಲು ತೀರ್ಮಾನಿಸಿತು. ಉತ್ತರ ತಾಲ್ಲೂಕು, ಉತ್ತರ ಪಾಲಿಕೆ, ಉತ್ತರ ಜಿಲ್ಲೆ, ಮೂರರ ಗಡಿಯೂ ಬೇರೆ ಬೇರೆ. ಪೆರ್ಬೊಳಲ್ ನಾಡು, ಎಲಹಂಕ ನಾಡು ಎಂಬಲ್ಲಿ ಊರು ತನ್ನ ಹೆಸರಿನಿಂದ ನಿಂತಿತ್ತು. ಈಗ ಊರಿಗೆ ಉಳಿದದ್ದು ದಿಕ್ಕು ಮಾತ್ರ. ಆ ದಿಕ್ಕು ಗೊತ್ತಾಗುವುದೂ ಬೆಂಗಳೂರಿನ ನಡುವೆ ನಿಂತು ನೋಡಿದರೆ.

ಇದೇ ಹೊತ್ತಿನಲ್ಲಿ ‘ನಾಡ’ ಎಂಬುದು ಫಲಕಗಳಲ್ಲಿ ಎಲ್ಲೆಲ್ಲೂ ಕಾಣುತ್ತಿದೆ. ಮೆಜೆಸ್ಟಿಕ್ಕಿನ ಮೆಟ್ರೊ ನಿಲ್ದಾಣ ನಾಡಪ್ರಭು ಕೆಂಪೇಗೌಡರದ್ದು, ಬಿಡಿಎ ಬಡಾವಣೆಯೊಂದು ನಾಡಪ್ರಭು ಕೆಂಪೇಗೌಡ ಬಡಾವಣೆ. ದೇವನಹಳ್ಳಿಯ ವಿಮಾನ ನಿಲ್ದಾಣದ ಬಳಿ 2022ರ ನವೆಂಬರ್ 11ರಂದು 108 ಅಡಿಯ ನಾಡಪ್ರಭುವಿನ ಪ್ರತಿಮೆ ಅನಾವರಣಗೊಂಡಿತು. 2012ರಲ್ಲಿ ಅಟಲ್‌ಜಿ ಜನಸ್ನೇಹಿ ಕೇಂದ್ರ ಎಂಬ ಹೊಸ ಹೆಸರು ಬಂದರೂ ಜನ ನಾಡಕಚೇರಿ ಎನ್ನುವುದನ್ನು ಬಿಟ್ಟಿಲ್ಲ. ಪದಕ್ಕೆ ಇಷ್ಟು ಮರ್ಯಾದೆ ಹಿಂದೆ ಎಂದೂ ಸಿಕ್ಕಿರಲಿಲ್ಲ.

ಹಾಗಾದರೆ ಕಳೆದುಹೋದದ್ದು ಏನು? ನಾಡು ಎಂದರೆ ನೆಲ ಎಂಬ ಅರ್ಥ ಉಳಿದಿದೆ. ರಾಜ್ಯ ಎಂಬ ಅರ್ಥ ಬೆಳೆದಿದೆ. ಅರ್ಜಿ ಕೊಡುವ ಕಚೇರಿಯ ಅರ್ಥ ಹೊಸದಾಗಿ ಸೇರಿದೆ. ಹೋದದ್ದು ನೆರೆದ ಜನ ಎಂಬ ಅರ್ಥ. ನಾಡಕಚೇರಿಯಲ್ಲಿ ನಾವು ಸಾಲಿನಲ್ಲಿ ನಿಲ್ಲುತ್ತೇವೆ, ಅಲ್ಲಿ ನಾಡು ಕೂರುವುದಿಲ್ಲ. ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಆ ಪಾಲಿಕೆ ಬದುಕಿದ್ದ ಐದು ವರ್ಷವೂ ಅದನ್ನು ನಡೆಸಿದ್ದು ಆಡಳಿತಾಧಿಕಾರಿಗಳು. ಗಡಿಯನ್ನು ಎಷ್ಟು ಸಲ ಗೀಚಿದರೂ, ಹೆಸರನ್ನು ಎಷ್ಟು ಸಲ ಬದಲಿಸಿದರೂ ಜನ ಕೂತು ಮಾತಾಡುವ ಜಾಗವಿಲ್ಲದಿದ್ದರೆ ಅದು ಶಾಸನದ ಅರ್ಥದಲ್ಲಿ ನಾಡಾಗುವುದಿಲ್ಲ. ಆದ್ದರಿಂದ ಪಾಲಿಕೆಯ ಚುನಾವಣೆ ಬಂದಾಗ, ವಾರ್ಡ್ ಸಭೆ ಕರೆದಾಗ ಮನೆಯಲ್ಲಿ ಕೂರಬೇಡಿ. ಕರೆಯದಿದ್ದರೆ ಕರೆಯಿರಿ ಎಂದು ಕೇಳಿ. ಯಲಹಂಕದವರಿಗೂ ಹೆಬ್ಬಾಳದವರಿಗೂ ಅದನ್ನು ಕೇಳುವ ಹಕ್ಕು ಈ ಪದದಷ್ಟೇ ಹಳೆಯದು.